ರೂಟ್ ಕೆನಾಲ್ ಮಾಡಿಸುವವರಿಗೆ: ಬೇರು ತುಂಬುವ ವಿಧಾನಗಳು, ಆಮೇಲಿನ ಆರೈಕೆ

ಚನ್ನಗಿರಿ ಕಡೆಯ ಒಬ್ಬ ರೈತರು ಕೆಳದವಡೆಯ ಹಲ್ಲುನೋವಿಗೆ ಬಂದಿದ್ದರು. ಮೊದಲ ದಿನ ಹಲ್ಲು ತೆರೆದು, ಒಳಗಿನ ಕೊಳೆತ ನರ ತೆಗೆದು, ಔಷಧಿಯಿಟ್ಟು ತಾತ್ಕಾಲಿಕ ಸಿಮೆಂಟ್ ಹಾಕಿ ಕಳಿಸಿದೆ. ಒಂದು ತಿಂಗಳಿನಿಂದ ಬಾರದಿದ್ದ ನಿದ್ದೆ ಆ ರಾತ್ರಿ ಅವರಿಗೆ ಬಂತಂತೆ. "ಅಡಿಕೆ ಕೊಯ್ಲು ಮುಗಿಸ್ಕೊಂಡು ಬರ್ತೀನಿ ಡಾಕ್ಟ್ರೇ" ಎಂದು ಫೋನ್ ಮಾಡಿದವರು ಬಂದದ್ದು ಎಂಟು ತಿಂಗಳ ಮೇಲೆ. ಸಿಮೆಂಟ್ ಯಾವಾಗಲೋ ಉದುರಿತ್ತು, ಹಲ್ಲು ನಡುವೆ ಬೇರಿನವರೆಗೂ ಸೀಳಿತ್ತು. ಕೀಳದೆ ಬೇರೆ ದಾರಿ ಇರಲಿಲ್ಲ. ಉಳಿಸಬಹುದಾಗಿದ್ದ ಹಲ್ಲನ್ನು ಕೀಳುವಾಗ ಆಗುವ ಸಂಕಟ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ. ದಾವಣಗೆರೆಯಲ್ಲಿ ಹಲ್ಲು ಕಳೆದುಕೊಳ್ಳುವವರಲ್ಲಿ ಇಂಥವರನ್ನು ಮತ್ತೆ ಮತ್ತೆ ಕಾಣುತ್ತೇನೆ: ನೋವು ಹೋಯಿತು ಎಂದು ಅರ್ಧಕ್ಕೇ ಬಿಟ್ಟವರು. ಅವರಿಗಾಗಿಯೇ ರೂಟ್ ಕೆನಾಲ್, ಅಂದರೆ ಬೇರುನಾಳದ ಚಿಕಿತ್ಸೆಯ ಬಗ್ಗೆ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೋಗುವ ಮೊದಲು

ಹೊಟ್ಟೆ ತುಂಬ ತಿಂದು ಹೋಗಿ. ಇಂಜೆಕ್ಷನ್ ಇದೆ ಎಂದು ಉಪವಾಸ ಬರುವವರು ಬಹಳ. ಬಾಯಿಗೆ ಮಾತ್ರ ಮರಗಟ್ಟಿಸುವ ಈ ಚಿಕಿತ್ಸೆಗೆ ಉಪವಾಸ ಬೇಕಿಲ್ಲ. ಖಾಲಿ ಹೊಟ್ಟೆಯಲ್ಲಿ ಕುರ್ಚಿಯ ಮೇಲೆ ತಲೆಸುತ್ತು ಬರುವುದೇ ಹೆಚ್ಚು, ಸಕ್ಕರೆ ಕಾಯಿಲೆಯವರಿಗಂತೂ ಅಪಾಯ.

ನೀವು ನುಂಗುವ ಮಾತ್ರೆಗಳನ್ನು ಚೀಟಿ ಸಮೇತ ಒಯ್ಯಿರಿ. ಬಿ.ಪಿ., ಸಕ್ಕರೆ, ರಕ್ತ ತೆಳುವಾಗಿಸುವ ಮಾತ್ರೆ, ಆಸ್ತಮಾ, ಹೃದಯದ ಕವಾಟದ ಆಪರೇಷನ್, ಗರ್ಭ, ಯಾವುದಾದರೂ ಔಷಧಿ ಒಗ್ಗದಿರುವುದು, ಎಲ್ಲವನ್ನೂ ಬಾಯಿಬಿಟ್ಟು ಹೇಳಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವೇ ನಿಲ್ಲಿಸಿ ಬರಬೇಡಿ.

ನೋಯುವ ಹಲ್ಲಿನ ಪಕ್ಕ ಆಸ್ಪಿರಿನ್ ಮಾತ್ರೆ ಇಟ್ಟುಕೊಳ್ಳುವುದು, ಹುಳುಕಿನ ತೂತಿಗೆ ಹೊಗೆಸೊಪ್ಪು ತುರುಕುವುದು ನಮ್ಮ ಕಡೆ ಇನ್ನೂ ಇದೆ. ಆಸ್ಪಿರಿನ್ ಒಸಡನ್ನು ಸುಡುತ್ತದೆ. ಹೊಗೆಸೊಪ್ಪು ಏನನ್ನೂ ವಾಸಿ ಮಾಡುವುದಿಲ್ಲ. ಲವಂಗದೆಣ್ಣೆ ಹತ್ತಿಯಲ್ಲಿ ಒಂದು ಹನಿ ಇಟ್ಟರೆ ಸ್ವಲ್ಪ ಹೊತ್ತು ಉಪಶಮನ ಸಿಗುತ್ತದೆ, ಅಷ್ಟೇ.

ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೀರಿ. ನಮ್ಮ ಊರಿನ ಭಾಗ್ಯ ಎಂದರೆ ಇಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ಬಾಪೂಜಿ ಡೆಂಟಲ್ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಚಿತ್ರದುರ್ಗದಲ್ಲಿ ಎಸ್.ಜೆ.ಎಂ. ಡೆಂಟಲ್ ಕಾಲೇಜು ಇದೆ. ಕಾಲೇಜು ಆಸ್ಪತ್ರೆಗಳಲ್ಲಿ ಕಲಿಯುವ ವೈದ್ಯರು ಹಿರಿಯರ ಉಸ್ತುವಾರಿಯಲ್ಲಿ ಮಾಡುವುದರಿಂದ ಸಮಯ ಹೆಚ್ಚು ಹಿಡಿಯುತ್ತದೆ, ಸಾಮಾನ್ಯವಾಗಿ ಖರ್ಚು ಕಡಿಮೆ. ಬಾಗಿದ ಬೇರು, ಹಳೆಯ ಚಿಕಿತ್ಸೆ ಕೆಟ್ಟ ಹಲ್ಲು ಇಂಥವಕ್ಕೆ ಬೇರುನಾಳ ಚಿಕಿತ್ಸೆಯಲ್ಲೇ ಎಂ.ಡಿ.ಎಸ್. (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಿದವರ ಬಳಿ ಹೋಗುವುದು ಒಳ್ಳೆಯದು.

ಒಳಗೆ ಏನು ನಡೆಯುತ್ತದೆ

ಕೆನಾಲ್ ಎಂದರೆ ನಮ್ಮ ರೈತರಿಗೆ ಮೊದಲು ನೆನಪಾಗುವುದು ಭದ್ರಾ ನಾಲೆ. ಹೋಲಿಕೆ ಚೆನ್ನಾಗಿಯೇ ಇದೆ, ಹಾಗಾಗಿ ನಾನು ರೋಗಿಗಳಿಗೆ ಅದನ್ನೇ ಹೇಳುತ್ತೇನೆ. ಹಲ್ಲಿನ ನಡುವೆ ತಿರುಳು ಇರುತ್ತದೆ. ಅದರಲ್ಲಿ ನರ, ರಕ್ತನಾಳ. ಅದು ಬೇರಿನೊಳಗಿನ ಸಣ್ಣ ನಾಲೆಗಳಲ್ಲಿ ಇಳಿದು ಬೇರಿನ ತುದಿಯ ರಂಧ್ರದ ಮೂಲಕ ಮೂಳೆಗೆ ಸೇರುತ್ತದೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಲೆ. ಕೆಳಗಿನ ದವಡೆ ಹಲ್ಲಿಗೆ ಮೂರೋ ನಾಲ್ಕೋ. ಮೇಲ್ದವಡೆಯ ಮೊದಲ ದೊಡ್ಡ ಹಲ್ಲಿನಲ್ಲಿ ನಾಲ್ಕನೆಯದೊಂದು ಬಹಳ ಸಲ ಇರುತ್ತದೆ, ಕೂದಲಿನಷ್ಟು ಸಣ್ಣದು. ಅದು ಕಣ್ತಪ್ಪಿದರೆ ಉಳಿದ ಮೂರನ್ನು ಎಷ್ಟು ಚೆನ್ನಾಗಿ ಮಾಡಿದರೂ ಹಲ್ಲು ಮತ್ತೆ ಕಾಡುತ್ತದೆ. ಈ ಮುಖ್ಯ ನಾಲೆಗಳಿಗೆ ಪಕ್ಕದ ಕಾಲುವೆಗಳೂ ಇರುತ್ತವೆ.

ನಾಲೆಯ ಕೊನೆಯಂಚಿಗೆ ನೀರು ಮುಟ್ಟಿಸುವುದು ಎಷ್ಟು ಕಷ್ಟ ಎಂದು ಹರಿಹರ, ಮಲೇಬೆನ್ನೂರು ಕಡೆಯವರಿಗೆ ಹೇಳಬೇಕಿಲ್ಲ. ಬೇರುನಾಳದಲ್ಲೂ ಅದೇ ಕಷ್ಟ. ಮೇಲ್ಭಾಗ ಸುಲಭವಾಗಿ ಸ್ವಚ್ಛವಾಗುತ್ತದೆ. ತುದಿಯ ಕೊನೆಯ ಮೂರ್ನಾಲ್ಕು ಮಿಲಿಮೀಟರ್‌ನಲ್ಲೇ ಸೋಂಕು ಅಡಗಿ ಕೂರುವುದು, ಔಷಧಿಯ ನೀರು ಅಲ್ಲಿಗೇ ಸರಿಯಾಗಿ ಮುಟ್ಟದಿರುವುದು.

ಆದ್ದರಿಂದ ವೈದ್ಯರು ಮೊದಲು ಮರಗಟ್ಟಿಸಿ, ಹಲ್ಲಿಗೆ ರಬ್ಬರ್ ಡ್ಯಾಮ್ ಎನ್ನುವ ತೆಳು ರಬ್ಬರ್ ಹಾಳೆ ತೊಡಿಸುತ್ತಾರೆ. ಎಂಜಲು ಒಳಗೆ ಹೋಗದಂತೆ, ಔಷಧಿಯಾಗಲಿ ಸಣ್ಣ ಉಪಕರಣವಾಗಲಿ ಗಂಟಲಿಗೆ ಬೀಳದಂತೆ ಅದು ಕಾಯುತ್ತದೆ. ಹಲ್ಲು ತೆರೆದ ಮೇಲೆ ಏಪೆಕ್ಸ್ ಲೊಕೇಟರ್ ಎಂಬ ಯಂತ್ರದಿಂದ, ಎಕ್ಸ್-ರೇಯಿಂದ ನಾಲೆಯ ಉದ್ದ ಅಳೆಯುತ್ತಾರೆ. ಫೈಲ್ ಎನ್ನುವ ಸಣ್ಣ ಅರಗಳಿಂದ ನಾಲೆಯನ್ನು ಅಗಲಿಸಿ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ಮತ್ತೆ ಮತ್ತೆ ತೊಳೆಯುತ್ತಾರೆ. ಬಟ್ಟೆಗೆ ಹಾಕುವ ಬ್ಲೀಚ್‌ನ ವಾಸನೆ ಬಂದರೆ ಗಾಬರಿ ಬೇಡ, ಅದೇ ರಾಸಾಯನಿಕ, ಹಿಡಿತದ ಪ್ರಮಾಣದಲ್ಲಿ. ಕೊಳೆತ ಅಂಗಾಂಶವನ್ನು ಕರಗಿಸುವುದೂ ಸೂಕ್ಷ್ಮಾಣುಗಳನ್ನು ಕೊಲ್ಲುವುದೂ ಅದರ ಕೆಲಸ. ಆಮೇಲೆ ಶೇ. 17ರ ಇ.ಡಿ.ಟಿ.ಎ. ದ್ರಾವಣ ಗೋಡೆಗೆ ಮೆತ್ತಿದ ಪುಡಿಯನ್ನು ತೆಗೆಯುತ್ತದೆ.

ಒಂದೇ ದಿನದಲ್ಲಿ ಮುಗಿಸಬಹುದೋ ಎರಡು ಮೂರು ಸಲ ಬರಬೇಕೋ ಎನ್ನುವುದು ಹಲ್ಲಿನ ಸ್ಥಿತಿಯ ಮೇಲೆ ನಿಂತಿದೆ. ಕೀವು ನಿಲ್ಲದೆ ಒಸರುತ್ತಿದ್ದರೆ ಒಣಗದ ನಾಲೆಯನ್ನು ತುಂಬಬಾರದು. ಆಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೇಪ ಇಟ್ಟು ಒಂದೆರಡು ವಾರ ಬಿಡುತ್ತಾರೆ. ಬೇಗ ಮುಗಿಸಿ ಎಂದು ಇಂಥ ಹೊತ್ತಿನಲ್ಲಿ ಒತ್ತಾಯ ಮಾಡಬೇಡಿ.

ತುಂಬುವುದು: ಯಾವ ವಿಧಾನ, ಏನು ವ್ಯತ್ಯಾಸ

ಸ್ವಚ್ಛ ಮಾಡಿದ ನಾಲೆಯನ್ನು ಖಾಲಿ ಬಿಟ್ಟರೆ ಮೇಲಿನಿಂದ ಎಂಜಲು, ಕೆಳಗಿನಿಂದ ಅಂಗಾಂಶದ ದ್ರವ ಇಳಿದು ಅಳಿದುಳಿದ ಸೂಕ್ಷ್ಮಾಣುಗಳಿಗೆ ಅನ್ನ ಹಾಕಿದಂತೆ. ಹಾಗಾಗಿ ತುದಿಯಿಂದ ಬಾಯಿಯವರೆಗೆ ಬಿಗಿಯಾಗಿ ಮುಚ್ಚಬೇಕು.

ಮುಚ್ಚುವ ಮುಖ್ಯ ವಸ್ತು ಗಟಾಪರ್ಚಾ. ಮಲಯ ದ್ವೀಪಗಳ ಕಡೆ ಬೆಳೆಯುವ ಒಂದು ಮರದ ಹಾಲಿನಿಂದ ಬಂದದ್ದು. 19ನೇ ಶತಮಾನದಿಂದ ಬೇರಿನೊಳಗೆ ಬಳಕೆಯಲ್ಲಿದೆ. ನೀವು ನೋಡುವ ಗುಲಾಬಿ ಬಣ್ಣದ ಸೂಜಿಯಂಥ ಕಡ್ಡಿಯಲ್ಲಿ ಆ ಮರದ ಅಂಶ ಸುಮಾರು ಐದನೇ ಒಂದು ಭಾಗ ಮಾತ್ರ, ಹೆಚ್ಚಿನದು ಸತುವಿನ ಆಕ್ಸೈಡ್. ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣಲೆಂದು ಬೇರಿಯಂ ಲವಣವನ್ನೂ ಸೇರಿಸಿರುತ್ತಾರೆ. ಗಟಾಪರ್ಚಾ ತಾನಾಗಿ ಗೋಡೆಗೆ ಅಂಟುವುದಿಲ್ಲ. ಕಲ್ಲಿನ ನಡುವೆ ಗಾರೆ ಇದ್ದ ಹಾಗೆ ಸೀಲರ್ ಎಂಬ ತೆಳು ಸಿಮೆಂಟ್ ಬೇಕೇ ಬೇಕು. ಹಳೆಯ ಸೀಲರ್‌ನಲ್ಲಿ ಲವಂಗದ ಸಾರ ಯೂಜಿನಾಲ್ ಇರುತ್ತದೆ, ದಂತ ಕ್ಲಿನಿಕ್ಕಿನ ಆ ಗುರುತಿನ ವಾಸನೆ ಅದರದ್ದೇ. ಈಗ ಎಪಾಕ್ಸಿ ರಾಳದ್ದು, ಬಯೋಸೆರಾಮಿಕ್ ಎಂದು ಕರೆಯುವ ಕ್ಯಾಲ್ಸಿಯಂ ಸಿಲಿಕೇಟ್‌ನದ್ದು ಹೆಚ್ಚು.

ಲ್ಯಾಟರಲ್ ಕಂಡೆನ್ಸೇಷನ್ ಎಲ್ಲ ಕಾಲೇಜಿನಲ್ಲೂ ಮೊದಲು ಕಲಿಸುವ ವಿಧಾನ. ನಾಲೆಯ ಪೂರ್ತಿ ಉದ್ದಕ್ಕೆ ಸರಿಹೊಂದುವ ಮುಖ್ಯ ಕಡ್ಡಿಯೊಂದನ್ನು ಇಳಿಸುತ್ತಾರೆ. ಹೊರಗೆಳೆದಾಗ ಅದು ತುಸು ಹಿಡಿದುಕೊಳ್ಳಬೇಕು. ಆ ಹಿಡಿತ ಕೈಗೆ ತಿಳಿಯುವವರೆಗೆ ಒಳ್ಳೆಯ ವೈದ್ಯರು ಮುಂದೆ ಹೋಗುವುದಿಲ್ಲ. ಎಕ್ಸ್-ರೇ ತೆಗೆದು ಖಚಿತಪಡಿಸಿಕೊಂಡು, ಸೀಲರ್ ಹಚ್ಚಿ, ಸ್ಪ್ರೆಡರ್ ಎಂಬ ಮೊನಚು ಉಪಕರಣದಿಂದ ಕಡ್ಡಿಯನ್ನು ಗೋಡೆಗೆ ಒತ್ತುತ್ತಾರೆ. ಆದ ಜಾಗಕ್ಕೆ ಸಣ್ಣ ಕಡ್ಡಿ, ಮತ್ತೆ ಒತ್ತು, ಮತ್ತೊಂದು ಕಡ್ಡಿ. ಗೋಣಿಚೀಲಕ್ಕೆ ಹತ್ತಿ ತುರುಕಿದ ಹಾಗೆ ಎಂದು ಗಿರಣಿಯಲ್ಲಿ ದುಡಿದಿದ್ದ ಹಿರಿಯರೊಬ್ಬರು ಕುರ್ಚಿಯಲ್ಲಿ ಕೂತೇ ಹೇಳಿದ್ದರು, ಸರಿಯಾದ ಮಾತು. ಇದರಲ್ಲಿ ಉದ್ದದ ಮೇಲೆ ಹಿಡಿತ ಚೆನ್ನಾಗಿರುತ್ತದೆ, ತುದಿಯಾಚೆ ವಸ್ತು ದಾಟುವ ಭಯ ಕಡಿಮೆ, ದುಬಾರಿ ಯಂತ್ರ ಬೇಡ. ಆದರೆ ಅಂಕುಡೊಂಕಾದ, ಚಪ್ಪಟೆ ನಾಲೆಗಳಲ್ಲಿ ಕಡ್ಡಿಗಳ ನಡುವೆ ಸಂದು ಉಳಿಯಬಹುದು. ಅತಿಯಾಗಿ ಒತ್ತಿದರೆ ತೆಳು ಬೇರು ಸೀಳುವುದೂ ಉಂಟು.

ಬಿಸಿ ಮಾಡಿ ತುಂಬುವ ವಿಧಾನವನ್ನು 1967ರಲ್ಲಿ ಅಮೆರಿಕದ ಹರ್ಬರ್ಟ್ ಶಿಲ್ಡರ್ ವಿವರಿಸಿದರು. ಗಟಾಪರ್ಚಾವನ್ನು ಕಾಯಿಸಿ ಮೆತ್ತಗೆ ಮಾಡಿ ಕೆಳಮುಖವಾಗಿ ಒತ್ತಿದರೆ ಅದು ಪಕ್ಕದ ಕಾಲುವೆಗಳಿಗೂ ನುಗ್ಗುತ್ತದೆ. ಈಗ ವಿದ್ಯುತ್ತಿನಿಂದ ಕಾಯುವ ಮೊನೆ ಬಂದಿದೆ. ಒಂದೇ ಒತ್ತಿನಲ್ಲಿ ತುದಿಗೆ ನಾಲ್ಕೈದು ಮಿಲಿಮೀಟರ್ ಇರುವವರೆಗೆ ಇಳಿದು, ಮೇಲಿನದನ್ನು ಕತ್ತರಿಸಿ ತೆಗೆದು, ಖಾಲಿಯಾದ ಜಾಗಕ್ಕೆ ಪಿಸ್ತೂಲಿನಂಥ ಉಪಕರಣದಿಂದ ಕರಗಿದ ಗಟಾಪರ್ಚಾ ತುಂಬುತ್ತಾರೆ. ಆ ಕ್ಷಣ ನಿಮಗೆ ಒತ್ತಿದ ಹಾಗೆ, ತುಸು ಬಿಸಿಯಾದ ಹಾಗೆ ಅನ್ನಿಸಿದರೆ ಕೈಯೆತ್ತಿ ತಿಳಿಸಿ. ಒಳಗೆ ಕವಲೊಡೆದ, ಅಂಡಾಕಾರದ ನಾಲೆಗಳಿಗೆ ಇದು ಒಳ್ಳೆಯದು. ವಸ್ತು ತುದಿಯಾಚೆ ದಾಟುವ ಸಾಧ್ಯತೆ ಮಾತ್ರ ಮೊದಲಿನದಕ್ಕಿಂತ ಜಾಸ್ತಿ. ತುಸು ಸೀಲರ್ ದಾಟಿದರೆ ಎರಡು ದಿನ ನೋವು ಹೆಚ್ಚಿದ್ದು ತಾನಾಗಿ ಇಳಿಯುವುದು ಸಾಮಾನ್ಯ.

ಇತ್ತೀಚೆಗೆ ಜನಪ್ರಿಯವಾಗಿರುವುದು ಒಂಟಿ ಕಡ್ಡಿ ವಿಧಾನ. ಕೊನೆಯ ಫೈಲಿನ ಗಾತ್ರಕ್ಕೇ ಅಚ್ಚಾದ ಒಂದು ಕಡ್ಡಿ, ಸುತ್ತ ಬಯೋಸೆರಾಮಿಕ್ ಸೀಲರ್. ಈ ಸೀಲರ್ ಗಟ್ಟಿಯಾಗಲು ತೇವವೇ ಬೇಕು, ಅಂಗಾಂಶಕ್ಕೂ ಒಗ್ಗುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಬೇರಿನ ಮೇಲೆ ಒತ್ತಡ ಬೀಳುವುದಿಲ್ಲ. ಮುಂದೊಂದು ದಿನ ಬಿಚ್ಚಿ ಮತ್ತೆ ಮಾಡಬೇಕಾಗಿ ಬಂದರೆ ಗಟ್ಟಿಯಾದ ಸೀಲರ್ ತೆಗೆಯುವುದು ಕಷ್ಟ, ಅದೊಂದು ಕೊರತೆ. ಪ್ಲಾಸ್ಟಿಕ್ ದಂಟಿನ ಮೇಲೆ ಗಟಾಪರ್ಚಾ ಲೇಪಿಸಿ ಕಾಯಿಸಿ ಇಳಿಸುವ ಇನ್ನೊಂದು ಬಗೆಯೂ ಇದೆ.

ಮಕ್ಕಳ ಮಾತು ಬೇರೆ. ಏಳೆಂಟು ವರ್ಷದ ಹುಡುಗ ಸೈಕಲ್ಲಿನಿಂದ ಬಿದ್ದು ಮೇಲಿನ ಮುಂಬಲ್ಲಿನ ನರ ಸತ್ತರೆ ಅವನ ಬೇರಿನ ತುದಿ ಇನ್ನೂ ಕೂಡಿಕೊಂಡಿರುವುದಿಲ್ಲ, ಬಾವಿಯಂತೆ ತೆರೆದಿರುತ್ತದೆ. ಕಡ್ಡಿ ನಿಲ್ಲಲು ತಡೆಯೇ ಇಲ್ಲ. ಆಗ ಎಂ.ಟಿ.ಎ. ಎಂಬ ಸಿಮೆಂಟಿನಿಂದ ತುದಿಗೆ ಮೂರರಿಂದ ಐದು ಮಿಲಿಮೀಟರ್ ದಪ್ಪದ ಬಿರಡೆ ಕಟ್ಟಿ, ಅದರ ಮೇಲೆ ಗಟಾಪರ್ಚಾ ತುಂಬುತ್ತಾರೆ. ಹಾಲುಹಲ್ಲು ಎಂದುಕೊಂಡು ಸುಮ್ಮನಿರಬೇಡಿ. ಆ ವಯಸ್ಸಿಗೆ ಬಂದಿರುವ ಮುಂಬಲ್ಲು ಬದುಕಿಗೆಲ್ಲ ಇರುವ ಹಲ್ಲು.

ಹಾಗಾದರೆ ಯಾವುದು ಮೇಲು? ನನ್ನ ಅನುಭವದ ಮಾತು: ಯಂತ್ರದ ಹೆಸರು ನೋಡಿ ವೈದ್ಯರನ್ನು ಆರಿಸಬೇಡಿ. ನಾಲೆಗಳೆಲ್ಲ ಸಿಕ್ಕಿ, ತುದಿಯವರೆಗೆ ಸ್ವಚ್ಛವಾಗಿದ್ದರೆ ಮೇಲಿನ ಮೂರೂ ವಿಧಾನದಲ್ಲಿ ಹಲ್ಲು ಉಳಿಯುತ್ತದೆ. ಸ್ವಚ್ಛವಾಗದ ನಾಲೆಗೆ ಏನು ತುಂಬಿದರೂ ಹೂಳಿನ ಮೇಲೆ ಗಾರೆ ಮಾಡಿದಂತೆ. ನೀವು ಕೇಳಬೇಕಾದ ಪ್ರಶ್ನೆಗಳು ಬೇರೆ. ರಬ್ಬರ್ ಡ್ಯಾಮ್ ಹಾಕುತ್ತೀರಾ? ಎಷ್ಟು ನಾಲೆ ಸಿಕ್ಕವು? ತುಂಬಿದ ಮೇಲಿನ ಎಕ್ಸ್-ರೇ ತೋರಿಸುತ್ತೀರಾ?

ಆ ಎಕ್ಸ್-ರೇ ಓದಲು ಡಾಕ್ಟರೇ ಆಗಬೇಕಿಲ್ಲ. ಪ್ರತಿ ಬೇರಿನಲ್ಲೂ ಒಂದಾದರೂ ಬೆಳ್ಳನೆಯ ಗೆರೆ ಕಾಣಬೇಕು. ಅದು ಬೇರಿನ ತುದಿಯ ಹತ್ತಿರ, ಎರಡು ಮಿಲಿಮೀಟರ್ ಒಳಗೆ ನಿಲ್ಲಬೇಕು. ಅರ್ಧಕ್ಕೇ ನಿಂತಿದ್ದರೆ ಯಾಕೆಂದು ಕೇಳಿ. ಕೆಲವೊಮ್ಮೆ ನಾಲೆ ಸುಣ್ಣಗಟ್ಟಿ ಮುಚ್ಚಿರುತ್ತದೆ, ಅದಕ್ಕೆ ನ್ಯಾಯವಾದ ಉತ್ತರ ಸಿಗುತ್ತದೆ. ಬಿಳಿ ಗೆರೆಯ ನಡುವೆ ಕಪ್ಪು ಸಂದುಗಳು ಇರಬಾರದು.

ಅದೇ ದಿನ ಮನೆಗೆ ಹೋದ ಮೇಲೆ

ಕೆಳದವಡೆಗೆ ಕೊಟ್ಟ ಇಂಜೆಕ್ಷನ್‌ನ ಮರಗಟ್ಟುವಿಕೆ ಎರಡರಿಂದ ಐದು ಗಂಟೆ ಉಳಿಯಬಹುದು. ಅದು ಇಳಿಯುವವರೆಗೆ ಬಿಸಿ ಚಹಾ, ಬಿಸಿ ಮುದ್ದೆ ಬೇಡ. ನಾಲಿಗೆ ತುಟಿ ಸುಟ್ಟರೂ ತಿಳಿಯುವುದಿಲ್ಲ. ಮಕ್ಕಳು ಮರಗಟ್ಟಿದ ತುಟಿಯನ್ನು ಕಚ್ಚಿ ಕಚ್ಚಿ ಹುಣ್ಣು ಮಾಡಿಕೊಳ್ಳುತ್ತಾರೆ, ಕಣ್ಣಿಟ್ಟಿರಿ.

ಆಮೇಲೆ ಉಗುರುಬೆಚ್ಚಗಿನ ಮುದ್ದೆ ಸಾರು ಈ ದಿನಗಳಿಗೆ ಹೇಳಿ ಮಾಡಿಸಿದ ಊಟ, ಅಗಿಯದೆ ನುಂಗುವಂಥದ್ದು. ಮೊಸರನ್ನ, ಇಡ್ಲಿ, ಮೆತ್ತನೆ ಬೆಣ್ಣೆ ದೋಸೆ ಆಗಬಹುದು, ಇನ್ನೊಂದು ಬದಿಯಲ್ಲಿ ಅಗಿಯಿರಿ. ಖಡಕ್ ರೊಟ್ಟಿ, ಶೇಂಗಾ, ಕಬ್ಬು, ಗೋಟಡಿಕೆ ಇವು ಕ್ಯಾಪ್ (ಹಲ್ಲಿನ ಮೇಲೆ ಕೂರಿಸುವ ಕವಚ) ಕೂರುವವರೆಗೆ ಆ ಬದಿಗೆ ಹೋಗಲೇಬಾರದು. ಮಂಡಕ್ಕಿ ಮೆತ್ತಗೆಂದು ತಿನ್ನುವವರಿದ್ದಾರೆ, ಆದರೆ ಅದರಲ್ಲಿ ಬೇಯದ ಕಾಳೋ ಕಲ್ಲೋ ಸಿಕ್ಕರೆ ಪೊಳ್ಳಾದ ಹಲ್ಲು ಸೀಳಲು ಒಂದೇ ಕಡಿತ ಸಾಕು.

ನೋವಿನ ಬಗ್ಗೆ. "ನರ ತೆಗೆದ್ರಲ್ಲ, ಮತ್ಯಾಕೆ ನೋಯ್ತದೆ?" ಎನ್ನುವ ಪ್ರಶ್ನೆಗೆ ನಾನು ದಿನವೂ ಉತ್ತರಿಸುತ್ತೇನೆ. ತೆಗೆದದ್ದು ಹಲ್ಲಿನ ಒಳಗಿನ ನರ. ಬೇರನ್ನು ಮೂಳೆಗೆ ಕಟ್ಟಿ ಹಿಡಿದಿರುವ ತಂತುಗಳಿಗೆ ತಮ್ಮದೇ ನರಗಳಿವೆ, ಅವು ಜೀವಂತ. ಸೋಂಕು, ಉಪಕರಣ, ಔಷಧಿ ಎಲ್ಲ ಸೇರಿ ಬೇರಿನ ತುದಿಯ ಸುತ್ತ ಊತವಾಗಿರುತ್ತದೆ. ಅದಕ್ಕೇ ತಣ್ಣೀರು ಬಿಸಿನೀರಿಗೆ ಜುಂ ಎನ್ನುವುದು ನಿಂತು, ಕಚ್ಚಿದಾಗ ನೋಯುವುದು ಉಳಿಯುತ್ತದೆ. ಮೊದಲ ಎರಡು ಮೂರು ದಿನ ಇದು ಹೆಚ್ಚು, ವಾರದೊಳಗೆ ಬಹುಮಟ್ಟಿಗೆ ಇಳಿಯುತ್ತದೆ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆಯೇ ಎನ್ನುವುದನ್ನು ಗಮನಿಸಿ, ಅದೇ ಮುಖ್ಯ. ಕಚ್ಚಿದಾಗ ಆ ಹಲ್ಲು ಮಾತ್ರ ಮೊದಲು ತಾಗುತ್ತಿದ್ದರೆ ಹೋಗಿ ಎತ್ತರ ತುಸು ಉಜ್ಜಿಸಿಕೊಳ್ಳಿ, ಐದು ನಿಮಿಷದ ಕೆಲಸ.

ಮಾತ್ರೆಗಳಲ್ಲಿ ಐಬುಪ್ರೊಫೆನ್ 400 ಮಿಲಿಗ್ರಾಂ ಊಟದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ, ಗರ್ಭ, ರಕ್ತ ತೆಳುವಾಗಿಸುವ ಮಾತ್ರೆ ಇರುವವರಿಗೆ ಅದು ಬೇಡ. ಪ್ಯಾರಾಸಿಟಮಾಲ್ ಸಾಕು, ಅದೂ ವೈದ್ಯರು ಬರೆದಷ್ಟೇ. ಮೆಡಿಕಲ್ ಶಾಪಿನಲ್ಲಿ ಕೇಳಿ ಆ್ಯಂಟಿಬಯೋಟಿಕ್ ನುಂಗಬೇಡಿ. ಬರೀ ನೋವಿಗೆ ಅದು ಕೆಲಸ ಮಾಡುವುದಿಲ್ಲ. ಜ್ವರ, ಹರಡುವ ಬಾವು ಇದ್ದರೆ ಮಾತ್ರ ಅದರ ಅಗತ್ಯ, ಅದನ್ನು ನಿರ್ಧರಿಸಬೇಕಾದವರು ನೋಡಿದ ವೈದ್ಯರು.

ಹಲ್ಲುಜ್ಜುವುದನ್ನು ನಿಲ್ಲಿಸಬೇಡಿ. ಬೆಚ್ಚಗಿನ ಉಪ್ಪುನೀರಿನಿಂದ ಮುಕ್ಕಳಿಸಿ. ಊದಿದೆ ಎಂದು ಕೆನ್ನೆಗೆ ಹೊರಗಿನಿಂದ ಶಾಖ ಕೊಡಬೇಡಿ, ಬೇಕಾದರೆ ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಗುಟ್ಕಾ, ಬೀಡಿ, ಎಲೆಯಡಿಕೆ ಹೊಗೆಸೊಪ್ಪು ಗಾಯ ಮಾಯುವುದನ್ನು ತಡಮಾಡುತ್ತವೆ. ವಾಸಿಯಾಗುವವರೆಗಾದರೂ ಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ಕಾಯಬಾರದ ಲಕ್ಷಣಗಳು: ಊತ ದವಡೆಯ ಕೆಳಗೆ, ಕುತ್ತಿಗೆಗೆ ಅಥವಾ ಕಣ್ಣಿನ ಕಡೆಗೆ ಹರಡುವುದು, ನುಂಗಲು ಉಸಿರಾಡಲು ಕಷ್ಟ, ಬಾಯಿ ತೆರೆಯಲಾಗದಿರುವುದು, ಜ್ವರದೊಂದಿಗೆ ನಡುಕ. ಆಗ ಕ್ಲಿನಿಕ್ ತೆರೆಯುವ ಹೊತ್ತು ನೋಡಬೇಡಿ. ದಾವಣಗೆರೆಯಲ್ಲಿದ್ದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ, ಬೇರೆ ಊರಿನಲ್ಲಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಅದೇ ರಾತ್ರಿ ಹೊರಡಿ. ಕೆಳದವಡೆಯ ಬಾವು ಉಸಿರುಗಟ್ಟಿಸಿ ಜೀವ ತೆಗೆಯಬಲ್ಲದು.

ಕ್ಯಾಪ್ ಯಾಕೆ, ಯಾವಾಗ

ಇಲ್ಲಿಯೇ ಜನ ಕೈಬಿಡುವುದು. ತಾತ್ಕಾಲಿಕ ಸಿಮೆಂಟ್ ಹೆಸರಿಗೆ ತಕ್ಕ ಹಾಗೆ ತಾತ್ಕಾಲಿಕ; ಎರಡು ಮೂರು ವಾರ ದಾಟಿದರೆ ಸವೆದು ಎಂಜಲು ಇಳಿಯಲು ಶುರು. ಉದುರಿದರೆ ಅಂದೇ ಫೋನ್ ಮಾಡಿ. ತಿಂಗಳುಗಟ್ಟಲೆ ತೆರೆದಿಟ್ಟ ಹಲ್ಲಿಗೆ ಬೇರಿನ ಚಿಕಿತ್ಸೆಯನ್ನೇ ಮತ್ತೆ ಮಾಡಬೇಕಾದೀತು.

ದವಡೆ ಹಲ್ಲಿಗೆ ಶಾಶ್ವತ ಫಿಲ್ಲಿಂಗ್ ಆದ ಮೇಲೆ ಕ್ಯಾಪ್ ಬೇಕು, ಸಾಧ್ಯವಾದರೆ ಎರಡರಿಂದ ನಾಲ್ಕು ವಾರದೊಳಗೆ. ನರ ಹೋದ ಹಲ್ಲು ಒಣಗಿ ಪುಡಿಯಾಗುತ್ತದೆ ಎನ್ನುವ ಮಾತಿಗಿಂತ, ಹುಳುಕಿಗೂ ದಾರಿ ಕೊರೆಯಲಿಕ್ಕೂ ಹೋದ ಭಾಗದಿಂದ ಗೋಡೆಗಳು ತೆಳುವಾಗಿ ನಿಂತಿರುತ್ತವೆ ಎನ್ನುವುದು ನಿಜವಾದ ಕಾರಣ. ತೊಲೆ ತೆಗೆದ ಮನೆಯ ಹಾಗೆ. ಕ್ಯಾಪ್ ಆ ಗೋಡೆಗಳನ್ನು ಸುತ್ತ ಹಿಡಿದಿಡುತ್ತದೆ. ಮುಂಬಲ್ಲಿನಲ್ಲಿ ಹೆಚ್ಚು ಭಾಗ ಉಳಿದಿದ್ದರೆ ಬರೀ ಫಿಲ್ಲಿಂಗ್ ಸಾಕಾಗಬಹುದು. ಹಿಂದಿನ ಹಲ್ಲಿಗೆ ಲೋಹದ ಕ್ಯಾಪ್ ಹಾಕಿಸಿಕೊಳ್ಳಲು ನಾಚಿಕೆ ಬೇಡ, ಹಲ್ಲಿನ ಬಣ್ಣದ ಜಿರ್ಕೋನಿಯಾ ಕ್ಯಾಪ್‌ಗೆ ಹಣ ಕೂಡಿಸುತ್ತಾ ಆರು ತಿಂಗಳು ಕಾಯುವುದಕ್ಕಿಂತ ಅದು ಎಷ್ಟೋ ವಾಸಿ. ಜಗಳೂರು, ಚಿತ್ರದುರ್ಗ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿರುವವರು ಬಣ್ಣ ಹೊಂದಿಸುವಾಗ ಕನ್ನಡಿ ಹಿಡಿದು ತಾವೇ ನೋಡಿ ಒಪ್ಪಬೇಕು.

ಮೂಳೆ ತುಂಬಿಕೊಳ್ಳುವ ಕಾಲ

ಮೊದಲ ಎಕ್ಸ್-ರೇಯಲ್ಲಿ ಬೇರಿನ ತುದಿಗೆ ಕಪ್ಪು ಮಚ್ಚೆ ಕಂಡಿದ್ದರೆ ಅಲ್ಲಿ ಸೋಂಕಿನಿಂದ ಮೂಳೆ ಕರಗಿದೆ ಎಂದರ್ಥ. ಚಿಕಿತ್ಸೆ ಮುಗಿದ ದಿನ ಆ ಮಚ್ಚೆ ಹಾಗೆಯೇ ಇರುತ್ತದೆ, ಅದನ್ನು ನೋಡಿ ಕೆಲಸ ಕೆಟ್ಟಿತು ಎನ್ನಬೇಡಿ. ಸೋಂಕಿನ ಮೂಲ ಹೋದ ಮೇಲೆ ದೇಹ ಅಂಚಿನಿಂದ ಒಳಮುಖವಾಗಿ ಹೊಸ ಮೂಳೆ ಕಟ್ಟುತ್ತಾ ಬರುತ್ತದೆ. ಆರು ತಿಂಗಳಿಗೆ ಮಚ್ಚೆ ಕುಗ್ಗಿದ್ದು ಕಾಣಬಹುದು, ವರ್ಷಕ್ಕೆ ಇನ್ನೂ ಸ್ಪಷ್ಟ. ದೊಡ್ಡ ಮಚ್ಚೆ ಪೂರ್ತಿ ತುಂಬಲು ನಾಲ್ಕು ವರ್ಷದವರೆಗೂ ಹಿಡಿಯಬಹುದು. ಸಕ್ಕರೆ ಹಿಡಿತದಲ್ಲಿಲ್ಲದವರಲ್ಲಿ ಇದು ನಿಧಾನ.

ಒಸಡಿನ ಮೇಲೆ ಗುಳ್ಳೆಯೆದ್ದು ಕೀವು ಸೋರುತ್ತಿದ್ದವರಿಗೆ ಒಳ್ಳೆಯ ಗುರುತೊಂದಿದೆ: ಒಳಗಿನ ಸೋಂಕು ಹೋದರೆ ಗುಳ್ಳೆ ಕೆಲವೇ ವಾರಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ್ದು ಮತ್ತೆ ಎದ್ದರೆ ನೋವಿಲ್ಲ ಎಂದು ಸುಮ್ಮನಿರದೆ ತೋರಿಸಿ. ತಪ್ಪಿಹೋದ ನಾಲೆ, ಸೋರುವ ಕ್ಯಾಪ್, ಸೀಳಿದ ಬೇರು, ಕಾರಣ ಯಾವುದೂ ಇರಬಹುದು. ಸೀಳಿರದಿದ್ದರೆ ಹಳೆಯದನ್ನು ಬಿಚ್ಚಿ ಮತ್ತೆ ತುಂಬಬಹುದು, ಅಥವಾ ಒಸಡು ಬಿಡಿಸಿ ಬೇರಿನ ತುದಿಯನ್ನಷ್ಟೇ ಕತ್ತರಿಸಿ ಅಲ್ಲಿಂದ ಮುಚ್ಚಬಹುದು.

ಇದನ್ನೆಲ್ಲ ಹೋಲಿಸಿ ನೋಡಲು ಮೊದಲ ದಿನದ ಎಕ್ಸ್-ರೇ ಕೈಯಲ್ಲಿರಬೇಕು. ಕ್ಲಿನಿಕ್ ಬದಲಾಗಬಹುದು, ಕಂಪ್ಯೂಟರ್ ಕೆಡಬಹುದು. ಶುರುವಿನದೊಂದು, ತುಂಬಿದ ಮೇಲಿನದೊಂದು, ಎರಡನ್ನೂ ಕೇಳಿ ಪಡೆದು ರೇಷನ್ ಕಾರ್ಡ್ ಇಡುವ ಪೆಟ್ಟಿಗೆಯಲ್ಲೇ ಇಡಿ, ಫೋನಿನಲ್ಲೂ ಒಂದು ಫೋಟೊ ಇರಲಿ. ಲಕೋಟೆಯ ಮೇಲೆ ಮೂರು ದಿನಾಂಕ ಬರೆಯಿರಿ: ಬೇರು ತುಂಬಿದ್ದು, ಕ್ಯಾಪ್ ಕೂರಿಸಿದ್ದು, ವರ್ಷ ತುಂಬಿ ಮತ್ತೆ ತೋರಿಸಬೇಕಾದದ್ದು. ಮೂರನೆಯದನ್ನು ಕೊಯ್ಲು, ಬಿತ್ತನೆ, ಮದುವೆ ಇಲ್ಲದ ತಿಂಗಳು ನೋಡಿ ಈಗಲೇ ಗೊತ್ತು ಮಾಡಿಕೊಳ್ಳಿ.